ಕರಿ ಕೋಟು ಇಲ್ಲದವರ ಕಾನೂನು ಸಲಹೆ: ಎಲ್ಲಿಯವರೆಗೆ ನಂಬಬಹುದು?

ಈ ಸಲ ಬಂದ ಪತ್ರಗಳೆಲ್ಲ ಒಂದೇ ಪ್ರಶ್ನೆಯ ಸುತ್ತ ಸುತ್ತುತ್ತವೆ. ಸಬ್ ರಿಜಿಸ್ಟ್ರಾರ್ ಆಫೀಸಿನ ಎದುರಿನ ಪತ್ರ ಬರಹಗಾರರು, 'ಕಾನೂನು ಸಲಹೆಗಾರರು' ಎಂದು ಬೋರ್ಡು ಹಾಕಿಕೊಂಡವರು, ಮೊಬೈಲಿನಲ್ಲಿ ನೋಟಿಸ್ ಬರೆದುಕೊಡುವ ಕಂಪನಿಗಳು, ಲೆಕ್ಕಪರಿಶೋಧಕರು, ನೋಟರಿಗಳು ಇವರಲ್ಲಿ ಯಾರ ಕೈಲಿ ಯಾವ ಕೆಲಸ ಮಾಡಿಸಬಹುದು, ವಕೀಲರೇ ಬೇಕಾಗುವುದು ಯಾವಾಗ? ಪ್ರಶ್ನೆಗಳನ್ನು ಸ್ವಲ್ಪ ಚಿಕ್ಕದು ಮಾಡಿಕೊಂಡು ಉತ್ತರಿಸಿದ್ದೇವೆ.

ನಾಗರಬಾವಿ ಕಡೆ 30x40 ಸೈಟು, 60 ಲಕ್ಷಕ್ಕೆ ಮಾತಾಗಿದೆ. ಪತ್ರ ಬರಹಗಾರರು 'ವಕೀಲರಿಗೆ ಯಾಕೆ ಸಾರ್ ದುಡ್ಡು ಸುರೀತೀರಿ, ಇಸಿ (ಋಣಭಾರ ಪ್ರಮಾಣಪತ್ರ) ಕ್ಲೀನಾಗಿದೆ, ಪತ್ರ ನಾನೇ ಬರೆದು ರಿಜಿಸ್ಟರ್ ಮಾಡಿಸಿಕೊಡ್ತೀನಿ' ಅನ್ನುತ್ತಾರೆ. ಬ್ಯಾಂಕಿನವರೂ ಲೀಗಲ್ ಒಪಿನಿಯನ್ ತೆಗೆಸುತ್ತಾರಂತೆ. ಮತ್ತೊಬ್ಬ ವಕೀಲರು ಬೇಕೇ? (ಓದುಗರು, ವಿಜಯನಗರ)

ಬೇಕು. ಪತ್ರ ಬರಹಗಾರರು ಬರೆಯುವುದು ಹೊಸ ಪತ್ರವನ್ನು. ನಿಮ್ಮ ಹಣ ಉಳಿಯುವುದೋ ಮುಳುಗುವುದೋ ಎಂಬುದು ಹಳೆಯ ಪತ್ರಗಳಲ್ಲಿದೆ. ಅವನ್ನು ಓದಿ ಅಭಿಪ್ರಾಯ ಕೊಡುವುದು ಅವರ ಕೆಲಸವಲ್ಲ.

ಅವರ ಕೆಲಸವನ್ನು ಹಗುರವಾಗಿ ಕಾಣಬೇಡಿ. ಕ್ರಯಪತ್ರದ ನಮೂನೆ, ಚಕ್ಕುಬಂದಿ, ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶಕ್ಕೆ ವಿವರ ತುಂಬುವುದು, ಶುಲ್ಕದ ಲೆಕ್ಕ ಇವುಗಳಲ್ಲಿ ಪಳಗಿದ ಪತ್ರ ಬರಹಗಾರರು ಎಷ್ಟೋ ವಕೀಲರಿಗಿಂತ ಚುರುಕು. ನಿಮ್ಮ ಲೆಕ್ಕವನ್ನೇ ನೋಡಿ: 60 ಲಕ್ಷಕ್ಕೆ ಮುದ್ರಾಂಕ ಶುಲ್ಕ ಶೇ. 5ರಂತೆ 3,00,000 ರೂಪಾಯಿ, ಅದರ ಮೇಲೆ ಶೇ. 10 ಸೆಸ್ 30,000, ಶೇ. 2 ಸರ್‌ಚಾರ್ಜ್ 6,000. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ. 1ರ ಬದಲು ಶೇ. 2 ಆಗಿರುವುದರಿಂದ 1,20,000. ಒಟ್ಟು 4,56,000. ಮಾರ್ಗಸೂಚಿ ಬೆಲೆ 60 ಲಕ್ಷಕ್ಕಿಂತ ಹೆಚ್ಚಿದ್ದರೆ ಆ ಬೆಲೆಯ ಮೇಲೆ ಲೆಕ್ಕ. ಇಷ್ಟು ಕಟ್ಟುವವರು ಮೂಲಪತ್ರ ಓದಿಸುವ ಫೀಸನ್ನು ಉಳಿಸಲು ಹೋಗುವುದು ಯಾವ ರೀತಿಯಲ್ಲೂ ಸರಿಯಲ್ಲ.

'ಇಸಿ ಕ್ಲೀನಾಗಿದೆ' ಎಂದರೆ ಇಷ್ಟೇ: ಆ ಸ್ವತ್ತಿನ ಮೇಲೆ, ಕೇಳಿದ ಅವಧಿಯಲ್ಲಿ, ನೋಂದಣಿಯಾದ ಬೇರೆ ವ್ಯವಹಾರ ಕಾಣುತ್ತಿಲ್ಲ. ನೋಂದಣಿ ಮಾಡಿಸದ ಕ್ರಯದ ಕರಾರು, ನೋಂದಾಯಿಸದ ಉಯಿಲು, ಬಾಯಿಮಾತಿನ ಪಾಲು, ಸಿಟಿ ಸಿವಿಲ್ ಕೋರ್ಟಿನಲ್ಲಿ ನಡೆಯುತ್ತಿರುವ ದಾವೆ, ಒಳಗೆ ಕೂತಿರುವ ಬಾಡಿಗೆದಾರ ಇವು ಯಾವುವೂ ಇಸಿಯಲ್ಲಿ ಬರುವುದಿಲ್ಲ. ಖಾತಾ, ಇ-ಖಾತಾ ಕೂಡ ತೆರಿಗೆಯ ದಾಖಲೆ. ಅದು ಮಾಲೀಕತ್ವವನ್ನು ಸೃಷ್ಟಿಸುವುದಿಲ್ಲ. ಸಬ್ ರಿಜಿಸ್ಟ್ರಾರ್ ಕೂಡ ಮಾರುವವನಿಗೆ ನಿಜವಾಗಿ ಹಕ್ಕಿದೆಯೇ ಎಂಬ ತನಿಖೆ ಮಾಡುವುದಿಲ್ಲ.

ವಕೀಲರು ನೋಡಬೇಕಾದದ್ದು ಬೇರೆ. ಕನಿಷ್ಠ 30 ವರ್ಷದ ಪತ್ರಗಳ ಸರಪಳಿ, ಎಲ್ಲೂ ಕೊಂಡಿ ತಪ್ಪದಂತೆ. ನಮ್ಮೂರಿನ ಸೈಟುಗಳಲ್ಲಿ ಎರಡು ಕಡೆ ಕೊಂಡಿ ಹೆಚ್ಚಾಗಿ ತಪ್ಪುತ್ತದೆ. ಮೊದಲನೆಯದು ಹೆಣ್ಣುಮಕ್ಕಳ ಸಹಿ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಕರ್ನಾಟಕದ ತಿದ್ದುಪಡಿ 1994ರಲ್ಲಿ (ಅದಕ್ಕೆ ಮೊದಲು ಮದುವೆಯಾಗಿರದ ಹೆಣ್ಣುಮಕ್ಕಳಿಗೆ), ಕೇಂದ್ರದ ತಿದ್ದುಪಡಿ 2005ರಲ್ಲಿ ಪಿತ್ರಾರ್ಜಿತ ಅವಿಭಕ್ತ ಆಸ್ತಿಯಲ್ಲಿ ಮಗಳಿಗೂ ಜನ್ಮದಿಂದಲೇ ಹಕ್ಕು ಕೊಟ್ಟವು. ತಂದೆ 2005ಕ್ಕೆ ಮೊದಲೇ ತೀರಿಕೊಂಡಿದ್ದರೂ ಆ ಹಕ್ಕು ಉಂಟೆಂದು ಸುಪ್ರೀಂ ಕೋರ್ಟ್ 2020ರ ಆಗಸ್ಟ್‌ನಲ್ಲಿ ಹೇಳಿತು. 2004ರ ಡಿಸೆಂಬರ್ 20ಕ್ಕೆ ಮುಂಚೆ ಆಗಿಹೋದ ಮಾರಾಟ, ನೋಂದಾಯಿತ ವಿಭಾಗಗಳನ್ನು ಕೇಂದ್ರದ ತಿದ್ದುಪಡಿ ಕೆದಕುವುದಿಲ್ಲ. ಆದರೆ ಆಮೇಲೆ, ಉದಾಹರಣೆಗೆ 2016ರಲ್ಲಿ, ಅಣ್ಣತಮ್ಮಂದಿರು ಮಾತ್ರ ಸಹಿ ಹಾಕಿ ಮಾರಿದ್ದರೆ ಅಕ್ಕತಂಗಿಯರು ಪಾಲು ಕೇಳಿ ದಾವೆ ಹೂಡುವ ಬಾಗಿಲು ತೆರೆದಿರಬಹುದು. ವಂಶವೃಕ್ಷವನ್ನು ಪತ್ರದ ಸಹಿಗಳ ಜೊತೆ ಒಂದೊಂದಾಗಿ ತಾಳೆ ನೋಡಿದರೆ ಮಾತ್ರ ಇದು ಸಿಕ್ಕಿಬೀಳುತ್ತದೆ.

ಎರಡನೆಯದು ಮಂಜೂರಾತಿ ಜಮೀನು. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಸರ್ಕಾರದ ಪೂರ್ವಾನುಮತಿ ಇಲ್ಲದೆ ಪರಭಾರೆ ಮಾಡುವಂತಿಲ್ಲ. 1979ರ ಜನವರಿ 1ರಿಂದ ಜಾರಿಯಲ್ಲಿರುವ ಪಿಟಿಸಿಎಲ್ ಕಾಯ್ದೆ ಅದು. ಎಷ್ಟು ವರ್ಷ ಕಳೆದರೂ ಜಮೀನು ವಾಪಸ್ ಕೇಳಬಹುದೆಂದು 2023ರ ತಿದ್ದುಪಡಿ ಸ್ಪಷ್ಟಪಡಿಸಿದೆ. ಲೇಔಟ್ ಆಗಿ, ಸೈಟು ಮೂರು ಕೈ ಬದಲಾಗಿದ್ದರೂ ಮೂಲದ ದೋಷ ಹೋಗದು. ಇದನ್ನು ಪತ್ತೆಹಚ್ಚಲು ಸೈಟಿನ ಕಾಗದ ಸಾಲದು, ಹಳೆಯ ಸರ್ವೆ ನಂಬರಿನ ಮಂಜೂರಾತಿ ದಾಖಲೆ, ಪಹಣಿ, ಮ್ಯುಟೇಶನ್ ತೆಗೆಸಬೇಕು. ಸರಪಳಿಯ ನಡುವೆ ಅಪ್ರಾಪ್ತರ ಪಾಲು ಮಾರಾಟವಾಗಿದ್ದರೆ ಕೋರ್ಟಿನ ಅನುಮತಿ ಪತ್ರವನ್ನೂ ಕೇಳಬೇಕು. ಜಿಪಿಎ (ಸಾಮಾನ್ಯ ಅಧಿಕಾರ ಪತ್ರ) ಮೇಲೆ ಮಾರಿದ್ದರೆ ನೋಂದಾಯಿತ ಕ್ರಯಪತ್ರ ಆಗಿದೆಯೇ ನೋಡಬೇಕು. ಬರಿ ಜಿಪಿಎ, ಕರಾರು, ಉಯಿಲಿನಿಂದ ಮಾಲೀಕತ್ವ ದಾಟುವುದಿಲ್ಲವೆಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ.

ಬ್ಯಾಂಕಿನ ಒಪಿನಿಯನ್ ಬ್ಯಾಂಕಿಗಾಗಿ ಬರೆದದ್ದು. ನಾಳೆ ತಕರಾರು ಬಂದರೆ ಸಾಲ ತೀರಿಸಬೇಕಾದವರು ನೀವೇ. ನಿಮ್ಮ ವಕೀಲರಿಂದ ಲಿಖಿತ ಅಭಿಪ್ರಾಯ ತೆಗೆದುಕೊಳ್ಳಿ: ಸಹಿ, ಸನ್ನದು (ವಕೀಲಿ ಪರವಾನಗಿ) ಸಂಖ್ಯೆ, ನೋಡಿದ ಕಾಗದಗಳ ಪಟ್ಟಿ, ಅದಕ್ಕಿಂತ ಮುಖ್ಯವಾಗಿ ಸಿಗದ ಕಾಗದಗಳ ಪಟ್ಟಿ ಅದರಲ್ಲಿರಬೇಕು. ಅಡ್ವಾನ್ಸ್ ಕೊಡುವ ಮುಂಚೆಯೇ ಇದಾಗಬೇಕು. ತಡೆಯಲಾಗದೆ ಟೋಕನ್ ಕೊಡುವುದಾದರೆ, ಹಕ್ಕಿನಲ್ಲಿ ದೋಷ ಕಂಡರೆ ಪೂರ್ತಿ ವಾಪಸ್ ಎಂಬ ಷರತ್ತನ್ನು ಕರಾರಿನಲ್ಲಿ ಬರೆಸಿ.

ಅದಾದ ಮೇಲೆ ಪತ್ರ ಬರೆಸಲು ಅದೇ ಪತ್ರ ಬರಹಗಾರರ ಹತ್ತಿರ ಧಾರಾಳವಾಗಿ ಹೋಗಿ. ಕರಡನ್ನು ಮಾತ್ರ ಮೂಲಪತ್ರ ಎದುರಿಗಿಟ್ಟುಕೊಂಡು ನೀವೇ ಓದಿ. ಪೂರ್ವಕ್ಕೆ ಇರುವ ರಸ್ತೆ ಪಶ್ಚಿಮಕ್ಕೆ ಬಿದ್ದರೆ, ಆಧಾರ್‌ನಲ್ಲಿರುವ ಹೆಸರಿಗೂ ಪತ್ರದ ಹೆಸರಿಗೂ ಒಂದಕ್ಷರ ತಪ್ಪಿದರೆ ಆಮೇಲೆ ತಿದ್ದುಪಡಿ ಪತ್ರ ಮಾಡಿಸಬೇಕು, ಅದಕ್ಕೆ ಮಾರಿದವರು ಮತ್ತೆ ಬಂದು ಸಹಿ ಹಾಕಬೇಕು. ಅವರು ತೀರಿಕೊಂಡಿದ್ದರೆ ವಾರಸುದಾರರೆಲ್ಲರನ್ನೂ ಹುಡುಕಬೇಕು.

ನಮ್ಮ ಬೀದಿಯಲ್ಲಿ ಒಬ್ಬರು 'ಬಿ.ಎ., ಎಲ್‌ಎಲ್‌ಬಿ, ಕಾನೂನು ಸಲಹೆಗಾರರು' ಎಂದು ಬೋರ್ಡು ಹಾಕಿದ್ದಾರೆ. ಕೇಸು ಹಾಕಿದ್ದೇನೆ ಎನ್ನುತ್ತಾರೆ, ನಂಬರ್ ಕೊಡುತ್ತಿಲ್ಲ. ಅವರು ವಕೀಲರೇ ಎಂದು ತಿಳಿಯುವುದು ಹೇಗೆ? (ಓದುಗರು, ಪೀಣ್ಯ)

ಎಲ್‌ಎಲ್‌ಬಿ ಓದಿದ ಮಾತ್ರಕ್ಕೆ ವಕೀಲರಾಗುವುದಿಲ್ಲ. 1961ರ ವಕೀಲರ ಕಾಯ್ದೆಯ ಪ್ರಕಾರ ರಾಜ್ಯ ವಕೀಲರ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿ ಸನ್ನದು ಪಡೆಯಬೇಕು, ಆಮೇಲೆ ಅಖಿಲ ಭಾರತ ವಕೀಲರ ಪರೀಕ್ಷೆ ಪಾಸಾಗಬೇಕು. ಪೂರ್ಣಾವಧಿ ಸಂಬಳದ ಕೆಲಸದಲ್ಲಿರುವವರು ವಕಾಲತ್ತು ಹಾಕುವಂತಿಲ್ಲ. ಸನ್ನದಿಲ್ಲದೆ ಕೋರ್ಟಿನಲ್ಲಿ ವಕಾಲತ್ತು ನಡೆಸಿದವರಿಗೆ 45ನೇ ಕಲಂ ಪ್ರಕಾರ 6 ತಿಂಗಳವರೆಗೆ ಸೆರೆವಾಸ. ವಕೀಲಿ ವೃತ್ತಿ ಎಂದರೆ ಕೋರ್ಟಿನಲ್ಲಿ ವಾದಿಸುವುದಷ್ಟೇ ಅಲ್ಲ, ಸಲಹೆ ಕೊಡುವುದು, ಕರಡು ಬರೆಯುವುದೂ ಸೇರಿದೆ ಎಂದು ವಿದೇಶಿ ವಕೀಲರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ.

ಮೊದಲು ಸನ್ನದು ಸಂಖ್ಯೆ ಕೇಳಿ. ಕರ್ನಾಟಕದ್ದು 'ಕೆಎಆರ್', ಒಂದು ಸಂಖ್ಯೆ, ಒಂದು ಇಸವಿ ಹೀಗಿರುತ್ತದೆ. ಕೇಳಿದರೆ ಯಾವ ವಕೀಲರೂ ಬೇಸರಪಡಬೇಕಾದ್ದಿಲ್ಲ. ಅಂಬೇಡ್ಕರ್ ವೀಧಿಯಲ್ಲಿರುವ ರಾಜ್ಯ ವಕೀಲರ ಪರಿಷತ್ತಿನಲ್ಲಿ ಆ ಸಂಖ್ಯೆಯನ್ನು ಹೆಸರಿನೊಂದಿಗೆ ತಾಳೆ ನೋಡಿಸಬಹುದು. ಇಸವಿ ಮತ್ತು ವಯಸ್ಸು ಹೊಂದುತ್ತವೆಯೇ ಎಂಬುದನ್ನೂ ಗಮನಿಸಿ. ಬೇರೆಯವರ ಸಂಖ್ಯೆ ಎರವಲು ತಂದಿದ್ದರೆ ಅಲ್ಲೇ ಗೊತ್ತಾಗುತ್ತದೆ.

ಎರಡನೆಯದಾಗಿ ಸಿಎನ್‌ಆರ್ ಸಂಖ್ಯೆ ಕೇಳಿ. ದಾಖಲಾದ ಪ್ರತಿ ಪ್ರಕರಣಕ್ಕೂ 16 ಅಕ್ಷರ-ಅಂಕಿಗಳ ಈ ಗುರುತು ಇರುತ್ತದೆ. ಇ-ಕೋರ್ಟ್ಸ್ ಆ್ಯಪಿನಲ್ಲಿ ಅದನ್ನು ಹಾಕಿದರೆ ಯಾವ ಕೋರ್ಟು, ಮುಂದಿನ ದಿನಾಂಕ ಯಾವುದು, ನಿಮ್ಮ ಪರ ಯಾವ ವಕೀಲರ ಹೆಸರಿದೆ ಎಲ್ಲ ಕಾಣುತ್ತದೆ. ನಂಬರ್ ಇಲ್ಲದಿದ್ದರೂ ಕಕ್ಷಿದಾರರ ಹೆಸರು, ಇಸವಿ ಹಾಕಿ ಹುಡುಕಬಹುದು. ಏನೂ ಬಾರದಿದ್ದರೆ ಕೇಸು ಇನ್ನೂ ದಾಖಲಾಗಿಲ್ಲ ಅಥವಾ ಆಕ್ಷೇಪಣೆಯಲ್ಲಿ ನಿಂತಿದೆ. ಬೇರೆ ವಕೀಲರ ಹೆಸರು ಬಂದರೆ ನಿಮ್ಮ ಸಲಹೆಗಾರರು ನಡುವಿನವರು. ನಿಜವಾದ ವಕೀಲರನ್ನು ನೇರವಾಗಿ ಭೇಟಿಯಾಗಿ.

ಖಾಲಿ ಹಾಳೆಗೆ, ಖಾಲಿ ಛಾಪಾ ಕಾಗದಕ್ಕೆ, ವಕೀಲರ ಹೆಸರೇ ಇಲ್ಲದ ವಕಾಲತ್‌ನಾಮೆಗೆ ಸಹಿ ಹಾಕಲೇಬೇಡಿ. ಈ ಒಂದು ಸಹಿಯಿಂದ ನಿಮಗೆ ಗೊತ್ತಿಲ್ಲದೆ ರಾಜಿಯಾಗಿ ಕೇಸು ಮುಗಿದುಹೋಗಬಹುದು.

ಅಪ್ಪನಿಗೆ 78. ಅವರ ದಾವೆಯಲ್ಲಿ ನನಗೆ ಜಿಪಿಎ ಕೊಟ್ಟಿದ್ದಾರೆ. ವಕೀಲರ ಬದಲು ನಾನೇ ವಾದಿಸಬಹುದೇ? (ಓದುಗರು, ಬಸವನಗುಡಿ)

ಜಿಪಿಎ ಇದ್ದರೆ ಅಪ್ಪನ ಪರವಾಗಿ ಕಾಗದಗಳಿಗೆ ಸಹಿ ಹಾಕಬಹುದು, ಸಲ್ಲಿಸಬಹುದು, ವಕೀಲರನ್ನು ನೇಮಿಸಬಹುದು, ಕೋರ್ಟಿಗೆ ಹಾಜರಾಗಬಹುದು. ವಾದ ಮಾಡುವುದು, ಪಾಟೀಸವಾಲು ಮಾಡುವುದು ಮಾತ್ರ ಅದರೊಳಗೆ ಬರುವುದಿಲ್ಲ. ಅದಕ್ಕೆ ವಕೀಲರ ಕಾಯ್ದೆಯ 32ನೇ ಕಲಂ ಕೆಳಗೆ ಆ ಒಂದು ಪ್ರಕರಣದ ಮಟ್ಟಿಗೆ ನ್ಯಾಯಾಧೀಶರ ಅನುಮತಿ ಬೇಕು. ಕೊಡಲೇಬೇಕೆಂದಿಲ್ಲ. ಕೊಟ್ಟರೂ ಯಾವಾಗ ಬೇಕಾದರೂ ಹಿಂಪಡೆಯಬಹುದು. ಅರ್ಜಿಯಲ್ಲಿ ಅಪ್ಪನ ವಯಸ್ಸು, ವೈದ್ಯರ ಪತ್ರ, ನಿಮ್ಮ ಸಂಬಂಧ, ಹಣ ಪಡೆಯುತ್ತಿಲ್ಲ ಎಂಬುದು ಎಲ್ಲವನ್ನೂ ಬರೆಯಿರಿ. ಅಪ್ಪ ತಮ್ಮ ಕೇಸನ್ನು ತಾವೇ ವಾದಿಸುವುದಾದರೆ ಸನ್ನದಿನ ಪ್ರಶ್ನೆಯೇ ಇಲ್ಲ.

ಸಾಕ್ಷ್ಯದ ವಿಷಯದಲ್ಲಿ ಇನ್ನೂ ಎಚ್ಚರವಿರಲಿ. ಜಿಪಿಎ ಇದೆ ಎಂದು ಮಗ ಸಾಕ್ಷಿ ಕಟ್ಟೆ ಹತ್ತಿ, ಅಪ್ಪ ಮಾತ್ರ ಬಲ್ಲ ಸಂಗತಿಗಳನ್ನು ಹೇಳಿದರೆ ಅದಕ್ಕೆ ಬೆಲೆ ಇಲ್ಲ. ಸುಪ್ರೀಂ ಕೋರ್ಟ್ 2004ರ ಡಿಸೆಂಬರ್‌ನಲ್ಲಿ ಇದನ್ನು ಸ್ಪಷ್ಟವಾಗಿ ಹೇಳಿದೆ. ಇಷ್ಟರ ಮೇಲೂ ಬಹಳ ದಾವೆಗಳು ಇಲ್ಲಿಯೇ ಎಡವುತ್ತವೆ. ಅಪ್ಪನಿಗೆ ಕೋರ್ಟಿಗೆ ಬರಲಾಗದಿದ್ದರೆ ಕಮಿಷನರ್ ನೇಮಿಸಿ ಮನೆಯಲ್ಲೇ ಹೇಳಿಕೆ ದಾಖಲಿಸಲು ಅರ್ಜಿ ಹಾಕಿ. ಆರೋಗ್ಯ ಚೆನ್ನಾಗಿರುವಾಗಲೇ ಹಾಕಿ.

ಚೆಕ್ ಬೌನ್ಸ್ ನೋಟಿಸನ್ನು ಮೊಬೈಲ್ ಆ್ಯಪ್‌ನವರು ಕಡಿಮೆ ದುಡ್ಡಿಗೆ ಬರೆದುಕೊಡುತ್ತಾರೆ. ವಕೀಲರ ಸಹಿ ಇಲ್ಲದಿದ್ದರೆ ನೋಟಿಸ್ ನಡೆಯುತ್ತದೆಯೇ? (ಓದುಗರು, ಚಿಕ್ಕಪೇಟೆ)

ನಡೆಯುತ್ತದೆ. ನೀವೇ ಕನ್ನಡದಲ್ಲಿ ಬರೆದು ಸ್ಪೀಡ್ ಪೋಸ್ಟಿನಲ್ಲಿ ಕಳಿಸಿದರೂ ಸಾಕು. ನೋಟಿಸ್ ಸೋಲುವುದು ದಿನಾಂಕ ಮತ್ತು ಮೊತ್ತದಲ್ಲಿ.

ಚೆಕ್ ವಾಪಸಾಯಿತೆಂಬ ಬ್ಯಾಂಕಿನ ಮೆಮೊ ಕೈಸೇರಿದ 30 ದಿನದೊಳಗೆ ನೋಟಿಸ್ ಹೊರಡಬೇಕು. ಅದು ಎದುರಿನವರಿಗೆ ತಲುಪಿದ ಮೇಲೆ ಹಣ ಕಟ್ಟಲು ಅವರಿಗೆ 15 ದಿನ. ಆ ಗಡುವು ಮುಗಿದ ಮೇಲೆ ಒಂದು ತಿಂಗಳೊಳಗೆ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ದೂರು. ಮೆಮೊ ಮಾರ್ಚ್ 5ಕ್ಕೆ ಬಂದರೆ ನೋಟಿಸಿಗೆ ಏಪ್ರಿಲ್ 4 ಕೊನೆ. ಏಪ್ರಿಲ್ 8ಕ್ಕೆ ತಲುಪಿದರೆ 23ರವರೆಗೆ ಕಾಯಬೇಕು. ಅವಸರಪಟ್ಟು 20ಕ್ಕೇ ದೂರು ಹಾಕಿದರೆ ಅದು ನಿಲ್ಲುವುದಿಲ್ಲ.

ಮೊತ್ತ ಚೆಕ್ಕಿನಲ್ಲಿ ಇರುವಷ್ಟೇ ಇರಬೇಕು. ಬಡ್ಡಿ, ಖರ್ಚು ಕೇಳುವುದಾದರೆ ಬೇರೆ ಸಾಲಿನಲ್ಲಿ ಕೇಳಿ. ನೋಟಿಸಿನಲ್ಲಿ ಚೆಕ್ಕಿನದ್ದಲ್ಲದ ಮೊತ್ತ ಬಿದ್ದರೆ, ಅದು ಬರಿಯ ಟೈಪಿಂಗ್ ತಪ್ಪೆಂದರೂ ಕೇಳುವುದಿಲ್ಲ, ದೂರು ಬಿದ್ದುಹೋಗುತ್ತದೆ ಎಂದು ಸುಪ್ರೀಂ ಕೋರ್ಟ್ 2025ರ ಸೆಪ್ಟೆಂಬರ್‌ನಲ್ಲಿ ತೀರ್ಪು ಕೊಟ್ಟಿದೆ. ಸಿದ್ಧ ನಮೂನೆಯಲ್ಲಿ ಹಿಂದಿನ ಗಿರಾಕಿಯ ಅಂಕಿ ಹಾಗೇ ಉಳಿದುಬಿಡುವ ಅಪಾಯ ಇರುವುದು ಇಲ್ಲಿಯೇ. ಚೆಕ್ ಕಂಪನಿಯದ್ದಾದರೆ ನೋಟಿಸಿನಲ್ಲೂ ದೂರಿನಲ್ಲೂ ಕಂಪನಿಯ ಹೆಸರು ಇರಲೇಬೇಕು, ಡೈರೆಕ್ಟರ್ ಒಬ್ಬರ ಹೆಸರು ಸಾಲದು.

ಇನ್ನೊಂದು ವ್ಯತ್ಯಾಸವನ್ನು ಯಾರೂ ಹೇಳುವುದಿಲ್ಲ. ನೀವು ವಕೀಲರಿಗೆ ಹೇಳಿದ ಮಾತನ್ನು, ತೋರಿಸಿದ ಕಾಗದವನ್ನು ನಿಮ್ಮ ಒಪ್ಪಿಗೆ ಇಲ್ಲದೆ ಅವರು ಬಹಿರಂಗಪಡಿಸುವಂತಿಲ್ಲ. ಭಾರತೀಯ ಸಾಕ್ಷ್ಯ ಅಧಿನಿಯಮದ 132ನೇ ಕಲಂ ಕೊಟ್ಟಿರುವ ರಕ್ಷಣೆ ಅದು (ಮುಂದೆ ಮಾಡಲಿರುವ ಅಪರಾಧದ ಬಗ್ಗೆ ಆಡಿದ ಮಾತಿಗೆ ಇಲ್ಲ). ಆ್ಯಪಿನ ಸಿಬ್ಬಂದಿಗೆ, ಹೊರಗಿನ ಟೈಪಿಸ್ಟಿಗೆ, ಸಲಹೆಗಾರರಿಗೆ ಹೇಳಿದ ಮಾತಿಗೆ ಈ ರಕ್ಷಣೆ ಇಲ್ಲ. ಅವರನ್ನು ಸಾಕ್ಷಿಯಾಗಿ ಕರೆಸಬಹುದು. ಸಂಬಳಕ್ಕಿರುವ ಕಂಪನಿ ಕಾನೂನು ಅಧಿಕಾರಿಗೂ 132ರ ರಕ್ಷಣೆ ಸಿಗದೆಂದು 2025ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಯ ಕಚೇರಿಗಳಲ್ಲಿ ಕೂತಿರುವವರು ಇದನ್ನು ನೆನಪಿಡಬೇಕು. 'ಆ ಸಾಲ ನಿಜವಾಗಿ ಎಷ್ಟಿತ್ತು' ಎಂಬಂಥ ಮಾತನ್ನು ವಕೀಲರ ಮುಂದೆ ಮಾತ್ರ ಆಡಿ.

ಬಾಡಿಗೆ ಕರಾರು, ಸೈಟಿನ ಕರಾರು ಎಲ್ಲ ನೋಟರಿ ಮಾಡಿಸಿದ್ದೇವೆ. ಸಾಕಲ್ಲವೇ? (ಓದುಗರು, ಯಶವಂತಪುರ)

11 ತಿಂಗಳ ಬಾಡಿಗೆ ಕರಾರಿಗೆ ಸರಿಯಾದ ಛಾಪಾ ಶುಲ್ಕ ಇದ್ದರೆ ನೋಟರಿಯೂ ಕಡ್ಡಾಯವಲ್ಲ. ಒಂದು ವರ್ಷ ಮೀರಿದ ಬಾಡಿಗೆಗೆ ನೋಂದಣಿ ಬೇಕು, ನೋಟರಿ ಮುದ್ರೆ ಅದರ ಜಾಗ ತುಂಬದು. ನೋಟರಿಗಳು ಬಹುಪಾಲು ವಕೀಲರೇ. ಆದರೂ ಮುದ್ರೆ ಒತ್ತುವಾಗ ಅವರು ದೃಢೀಕರಿಸುವುದು ಸಹಿಯನ್ನು, ಮಾರುವವನ ಹಕ್ಕನ್ನಲ್ಲ. ನೀವು ಎದುರಿಗೆ ನಿಂತು ಸಹಿ ಹಾಕಿ, ನೋಟರಿ ಪುಸ್ತಕದ ಕ್ರಮಸಂಖ್ಯೆ ಬರೆಸಿಕೊಳ್ಳಿ. ನೋಟರಿ ಮಾಡಿಸಿದ ಕಾಗದದಿಂದ ಮದುವೆಯೂ ಆಗುವುದಿಲ್ಲ, ವಿಚ್ಛೇದನವೂ ಆಗುವುದಿಲ್ಲ.

ವಕೀಲರಲ್ಲದವರು ನಮ್ಮ ಪರ ನಿಲ್ಲಬಹುದಾದ ಜಾಗಗಳು ಯಾವುವು? (ಓದುಗರು, ಜಯನಗರ)

ಬಹಳ ಇವೆ. ಆದಾಯ ತೆರಿಗೆ, ಜಿಎಸ್‌ಟಿ ಅಧಿಕಾರಿಗಳ ಮುಂದೆ ಲೆಕ್ಕಪರಿಶೋಧಕರು ಬರಬಹುದು, ಅಲ್ಲಿ ಅವರೇ ಸರಿಯಾದವರು ಕೂಡ. ಮಿಷನ್ ರಸ್ತೆಯ ರೇರಾದಲ್ಲಿ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೀವೇ ಹಾಜರಾಗಬಹುದು, ಲೆಕ್ಕಪರಿಶೋಧಕರನ್ನೋ ಕಂಪನಿ ಕಾರ್ಯದರ್ಶಿಯನ್ನೋ ಕಳಿಸಬಹುದು. ಟ್ರೇಡ್‌ಮಾರ್ಕಿಗೆ, ಪೇಟೆಂಟಿಗೆ ನೋಂದಾಯಿತ ಏಜೆಂಟರಿದ್ದಾರೆ. ಕಾರ್ಮಿಕ ವಿವಾದಗಳಲ್ಲಿ ಸಂಘದ ಪದಾಧಿಕಾರಿ ಕಾರ್ಮಿಕರ ಪರ ನಿಲ್ಲುತ್ತಾರೆ. ಅಲ್ಲಿ ವಕೀಲರು ಬರಬೇಕೆಂದರೇ ಎದುರು ಪಕ್ಷದ ಒಪ್ಪಿಗೆ ಮತ್ತು ನ್ಯಾಯಮಂಡಳಿಯ ಅನುಮತಿ ಬೇಕು. ಮಾಹಿತಿ ಹಕ್ಕಿನ ಅರ್ಜಿಗೆ ಯಾರೂ ಬೇಡ.

ಗ್ರಾಹಕ ಆಯೋಗದಲ್ಲೂ ನೀವೇ ವಾದಿಸಬಹುದು. ಇ-ಜಾಗೃತಿ ಪೋರ್ಟಲಿನಲ್ಲಿ ದೂರು ಹಾಕಿ. ನೀವು ಕೊಟ್ಟ ಬೆಲೆ 5 ಲಕ್ಷದವರೆಗೆ ಇದ್ದರೆ ಶುಲ್ಕವಿಲ್ಲ, 50 ಲಕ್ಷದವರೆಗೆ ಜಿಲ್ಲಾ ಆಯೋಗ, ಕಾಲಮಿತಿ 2 ವರ್ಷ. ಬಿಲ್ಲು, ವಾರಂಟಿ ಕಾರ್ಡು, ಇಮೇಲ್‌ಗಳನ್ನು ದಿನಾಂಕವಾರು ಜೋಡಿಸಿ ಪುಟಸಂಖ್ಯೆ ಹಾಕಿದರೆ ಅರ್ಧ ಕೆಲಸ ಮುಗಿಯಿತು. ಆದರೆ ವೈದ್ಯಕೀಯ ನಿರ್ಲಕ್ಷ್ಯದಂಥ ತಜ್ಞ ಸಾಕ್ಷ್ಯದ ಕೇಸಿಗೆ ಒಬ್ಬರೇ ಹೋಗಬೇಡಿ.

ಮನೆಕೆಲಸದ ಅಕ್ಕನಿಗೆ ಗಂಡನ ಕಾಟ. ಕೋರ್ಟಿನ ಹತ್ತಿರ ಒಬ್ಬರು 'ವಕೀಲರನ್ನು ಗೊತ್ತುಮಾಡಿಕೊಡ್ತೀನಿ' ಎಂದು ದುಡ್ಡು ಕೇಳಿದರಂತೆ. (ಓದುಗರು, ಜೆ.ಪಿ. ನಗರ)

ಒಂದು ರೂಪಾಯಿಯನ್ನೂ ಕೊಡಿಸಬೇಡಿ. ಹೆಣ್ಣುಮಕ್ಕಳಿಗೆ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರು ಸಿಗುತ್ತಾರೆ, ಅದು 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಂ ಕೊಟ್ಟ ಹಕ್ಕು. 15100ಕ್ಕೆ ಫೋನ್ ಮಾಡಿಸಿ, ಅಥವಾ ಕಾನೂನು ಸೇವಾ ಪ್ರಾಧಿಕಾರದ ಕಚೇರಿ ಇರುವ ಎಚ್. ಸಿದ್ದಯ್ಯ ರಸ್ತೆಯ ನ್ಯಾಯ ದೇಗುಲಕ್ಕೆ ಕರೆದುಕೊಂಡು ಹೋಗಿ. ಆಧಾರ್, ಮದುವೆಯ ಫೋಟೊ, ಆಸ್ಪತ್ರೆ ಚೀಟಿ ಇದ್ದರೆ ಜೊತೆಯಲ್ಲಿರಲಿ, ಇಲ್ಲದಿದ್ದರೂ ಹೋಗಿ. ಅಲ್ಲಿನ ಅರೆ ಕಾನೂನು ಸ್ವಯಂಸೇವಕರು ಅರ್ಜಿ ತುಂಬಿಕೊಡುತ್ತಾರೆ. ಅವರು ವಕೀಲರಲ್ಲ, ಕೋರ್ಟಿನಲ್ಲಿ ವಾದಿಸುವುದಿಲ್ಲ. ಸಂರಕ್ಷಣಾಧಿಕಾರಿಯಾಗಿರುವ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಮೂಲಕವೂ ಕೌಟುಂಬಿಕ ದೌರ್ಜನ್ಯದ ಅರ್ಜಿ ಹೋಗುತ್ತದೆ. ಸಾಮಾನ್ಯವಾಗಿ 3 ದಿನದೊಳಗೆ ಮೊದಲ ವಿಚಾರಣೆ ಇಡಬೇಕೆಂದು ಕಾಯ್ದೆ ಹೇಳುತ್ತದೆ.

ಹಣ ಕೇಳಿದವರು ದಲ್ಲಾಳಿ. ಇಂಥವರ ಪಟ್ಟಿ ಮಾಡಿ ಕೋರ್ಟಿನ ಆವರಣದಿಂದ ಹೊರಗಿಡಲು ವಕೀಲರ ಕಾಯ್ದೆಯ 2023ರ ತಿದ್ದುಪಡಿ ನ್ಯಾಯಾಲಯಗಳಿಗೆ ಅಧಿಕಾರ ಕೊಟ್ಟಿದೆ. ಪಟ್ಟಿಯಲ್ಲಿರುವಾಗ ದಲ್ಲಾಳಿತನ ಮಾಡಿದರೆ 3 ತಿಂಗಳವರೆಗೆ ಸೆರೆವಾಸ, 500 ರೂಪಾಯಿವರೆಗೆ ದಂಡ, ಅಥವಾ ಎರಡೂ.

ದುಡ್ಡು ತೆಗೆದುಕೊಂಡವರು ಕೆಲಸವನ್ನೂ ಮಾಡುತ್ತಿಲ್ಲ, ನಮ್ಮ ಮೂಲಪತ್ರಗಳನ್ನೂ ಕೊಡುತ್ತಿಲ್ಲ. ಎಲ್ಲಿ ದೂರಬೇಕು? (ಓದುಗರು, ಯಲಹಂಕ)

ಅವರು ವಕೀಲರೋ ಅಲ್ಲವೋ ಎಂಬುದರ ಮೇಲೆ ದಾರಿ ಬೇರೆಯಾಗುತ್ತದೆ.

ವಕೀಲರಾದರೆ, ಫೀಸು ಬಾಕಿ ಇದೆ ಎಂದು ಕಡತ ಹಿಡಿದಿಟ್ಟುಕೊಳ್ಳುವ ಹಕ್ಕು ಅವರಿಗಿಲ್ಲ. ಸುಪ್ರೀಂ ಕೋರ್ಟ್ 2000ದಲ್ಲೇ ಹೇಳಿರುವ ಮಾತು ಇದು. ಬೇಕಾದ ಪತ್ರಗಳ ಪಟ್ಟಿಯೊಂದಿಗೆ ಸ್ಪೀಡ್ ಪೋಸ್ಟಿನಲ್ಲಿ ಪತ್ರ ಬರೆಯಿರಿ, ಓಗೊಡದಿದ್ದರೆ ವಕೀಲರ ಪರಿಷತ್ತಿಗೆ ವಕೀಲರ ಕಾಯ್ದೆಯ 35ನೇ ಕಲಂ ಕೆಳಗೆ ದೂರು ಕೊಡಿ. ಗೆದ್ದ ಹಣದಲ್ಲಿ ಪಾಲು ಕೇಳಿದ್ದರೆ ಅದನ್ನೂ ಬರೆಯಿರಿ, ಅದು ವೃತ್ತಿ ನಿಯಮಕ್ಕೆ ವಿರುದ್ಧ. ಪರಿಷತ್ತು ಎಚ್ಚರಿಕೆ ಕೊಡಬಹುದು, ಅಮಾನತು ಮಾಡಬಹುದು, ಸನ್ನದನ್ನೇ ತೆಗೆದುಹಾಕಬಹುದು. ಗ್ರಾಹಕ ಆಯೋಗಕ್ಕೆ ಮಾತ್ರ ಹೋಗಬೇಡಿ. ವಕೀಲರ ಸೇವೆ ಗ್ರಾಹಕ ಕಾಯ್ದೆಗೆ ಬರುವುದಿಲ್ಲವೆಂದು 2024ರ ಮೇ ತಿಂಗಳಲ್ಲಿ ತೀರ್ಪಾಗಿದೆ.

ವಕೀಲರಲ್ಲದಿದ್ದರೆ ಪರಿಷತ್ತಿನ ಶಿಸ್ತು ಸಮಿತಿಗೆ ಅವರ ಮೇಲೆ ಅಧಿಕಾರವಿಲ್ಲ. ಹಣ ಪಡೆದು ಸೇವೆ ಕೊಡದ್ದಕ್ಕೆ ಗ್ರಾಹಕ ಆಯೋಗಕ್ಕೆ ಹೋಗಬಹುದು. ವಕೀಲನೆಂದು ಸುಳ್ಳು ಹೇಳಿ ಹಣ ಪಡೆದಿದ್ದರೆ ಪೊಲೀಸ್ ಠಾಣೆಯಲ್ಲಿ ವಂಚನೆಯ ದೂರು ಕೊಡಿ. ಪರವಾನಗಿ ಇರುವ ಪತ್ರ ಬರಹಗಾರರಾದರೆ ನೋಂದಣಿ ಇಲಾಖೆಗೂ ಬರೆಯಿರಿ. ಮೂರೂ ಕಡೆ ಮೊದಲು ಕೇಳುವುದು ಹಣ ಕೊಟ್ಟದ್ದಕ್ಕೆ ಆಧಾರ. ಯುಪಿಐ ದಾಖಲೆ, ವಾಟ್ಸ್ಆ್ಯಪ್ ಸಂದೇಶಗಳನ್ನು ಅಳಿಸದೆ ಇಟ್ಟುಕೊಳ್ಳಿ. ಕೈಯಲ್ಲಿ ಕೊಟ್ಟಿದ್ದರೆ 'ಇಂಥ ದಿನ ಇಷ್ಟು ಕೊಟ್ಟಿದ್ದೆ, ಪತ್ರಗಳು ಯಾವಾಗ ಸಿಗುತ್ತವೆ' ಎಂದು ಇವತ್ತೇ ಅವರಿಗೊಂದು ಸಂದೇಶ ಕಳಿಸಿ, ಬಂದ ಉತ್ತರವನ್ನು ಉಳಿಸಿಕೊಳ್ಳಿ.